ಪಿಜ್ಜನ ಬಗ್ಗೆ ಎರಡು ಸಾಲು

ಮೊದಲ ಕೀಮೋ ಮುಗಿಸಿ ಮನೆಗೆ ಬಂದ ರಾತ್ರಿ ಪೂರ್ತಿ ನಾನು ಮಾಡಿನ ಹೆಂಚು ನೋಡುತ್ತಾ ಮಲಗಿದ್ದೆ. ಮಗ್ಗುಲು ಬದಲಿಸಿದರೆ ಆಪರೇಷನ್ ಆದ ಎಡಗಡೆ ಎಳೆಯುತ್ತಿತ್ತು. ಕಣ್ಣು ಮುಚ್ಚಿದರೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೇ ಹೆಂಚು ಎಣಿಸಲು ಶುರು ಮಾಡಿದೆ. ನಮ್ಮದು ಹಳೇ ಮನೆ. ಒಳಗಿನಿಂದ ನೋಡಿದರೆ ಪ್ರತಿ ಹೆಂಚಿನ ಮೇಲೂ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಅಚ್ಚು, 1865 ಅನ್ನುವ ಇಸವಿ. ಚಿಕ್ಕವಳಿದ್ದಾಗ ನಮ್ಮ ಮನೆಯೇ 1865ರದ್ದು ಅಂತ ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಅಂತ ಅಪ್ಪ ಹೇಳಿದ ಮೇಲೆ ಬೇಜಾರಾಗಿತ್ತು.

ಅಡುಗೆಮನೆ ಕಡೆ ಒಂದು ಗಾಜಿನ ಹೆಂಚು ಇದೆ. ಬೆಳಿಗ್ಗೆ ಮೊದಲ ಬೆಳಕು ಅದರಿಂದಲೇ ಇಳಿಯೋದು. ಆ ಬೆಳಕು ಬರುವ ತನಕ ನಾನು ಒಂದು ಸಲವೂ ಪ್ರಾರ್ಥನೆ ಮಾಡಲಿಲ್ಲ. ಮಾಡೋಕೆ ಆಗಲಿಲ್ಲ ಅಂತಲ್ಲ, ಮನಸ್ಸೇ ಬರಲಿಲ್ಲ.

ಇದನ್ನು ಬರೆಯೋದಕ್ಕೆ ಸ್ವಲ್ಪ ನಾಚಿಕೆಯಿದೆ. ಇಪ್ಪತ್ತೆರಡು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಪ್ರಾರ್ಥನೆ ಹೇಗೆ ಮಾಡಬೇಕು ಅಂತ ಕಲಿಸಿದವಳು.

ಕಾಯಿಲೆ ಗೊತ್ತಾದ ಕಥೆ ಎಲ್ಲರದ್ದೂ ಒಂದೇ ಥರ ಇರುತ್ತೆ, ಬೇಗ ಹೇಳಿ ಮುಗಿಸ್ತೀನಿ. ಸ್ನಾನ ಮಾಡುವಾಗ ಗೋಲಿಯಷ್ಟು ಗಂಟು ಕೈಗೆ ಸಿಕ್ಕಿತು. ಒಂದು ತಿಂಗಳು ಸುಮ್ನೆ ಇದ್ದೆ, ಅದು ನನ್ನದೇ ತಪ್ಪು. ಆಮೇಲೆ ಮ್ಯಾಮೋಗ್ರಾಮ್, ಬಯಾಪ್ಸಿ, ಆಪರೇಷನ್. ನಂತರ ಹದಿನಾರು ಕೀಮೋ ಅಂದರು. ಮೊದಲ ನಾಲ್ಕು 21 ದಿನಕ್ಕೊಂದು, ಉಳಿದ ಹನ್ನೆರಡು ವಾರಕ್ಕೊಂದು. ಮೊದಲ ನಾಲ್ಕರಲ್ಲಿ ಒಂದು ಔಷಧಿ ಕೆಂಪಗೆ, ಥೇಟ್ ಶರಬತ್ತಿನ ಹಾಗೆ. ಅದನ್ನು ನರಕ್ಕೆ ಬಿಡುವಾಗ ಬಾಯಿ ಹುಣ್ಣಾಗದಿರಲಿ ಅಂತ ಐಸ್ ಚೂರು ಚೀಪಲು ಕೊಡುತ್ತಿದ್ದರು. ಅವತ್ತು ಮೂತ್ರವೂ ಕೆಂಪು. ಮೊದಲೇ ಹೇಳಿದ್ದರೂ ನೋಡಿದಾಗ ಎದೆ ಧಸಕ್ಕಂತು. ಮೂರನೇ ವಾರಕ್ಕೆ ಕೂದಲು ದಿಂಬಿನ ಮೇಲೆ ಬಂತು.

ಎರಡನೇ ಕೀಮೋ ಆದ ಮೇಲೆ ಚರ್ಚಿನ ಸ್ತ್ರೀಯರ ಕೂಟದಿಂದ ಒಬ್ಬರು ನೋಡಲು ಬಂದರು. ಒಳ್ಳೆಯ ಹೆಂಗಸೇ. ಮೂಸಂಬಿ ತಂದಿದ್ದರು. ನಾನು ಅವರ ಮುಂದೆ ಅತ್ತುಬಿಟ್ಟೆ. ಅವರು ಕೈ ಹಿಡಿದು ಹೇಳಿದ್ದು ಇಷ್ಟು: ಎಂಥಾ ಪಿಜ್ಜನ ಮನೆಯವಳು ನೀನು, ಹೀಗೆ ಅಳ್ತಾರಾ?

ಆ ಮಾತು ಮೂಸಂಬಿ ಸಿಪ್ಪೆಯ ಹಾಗೆ ಬಾಯಲ್ಲೇ ಉಳಿಯಿತು. ಯಾಕಂದರೆ ಪಿಜ್ಜನ ಆ ಕಥೆಯನ್ನು ಊರಿಗೆಲ್ಲ ಹಂಚಿದವಳು ನಾನೇ.

ಪಿಜ್ಜ ಅಂದರೆ ನಮ್ಮ ಕಡೆ ಅಜ್ಜನ ಅಪ್ಪ. ಅವರು ಹುಟ್ಟಿದ್ದು ಬಿಲ್ಲವರ ಮನೆಯಲ್ಲಿ, ಕಸುಬು ಮೂರ್ತೆ. ಅಂದರೆ ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸೋದು. 1882ರಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗ, ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೇಳುವ ಕಥೆ ಹೀಗಿದೆ: ದೀಕ್ಷಾಸ್ನಾನದ ಹಿಂದಿನ ದಿನ ಅವರು ಮೂರ್ತೆ ಕತ್ತಿಯನ್ನು ಬಾವಿಗೆ ಎಸೆದರು. ಮತ್ತೆ ಹಿಂದಿರುಗಿ ನೋಡಲೇ ಇಲ್ಲ. ಸಂಡೇ ಸ್ಕೂಲಿನಲ್ಲಿ ನಾನು ಇದನ್ನು ಅಭಿನಯ ಮಾಡಿ ಹೇಳುತ್ತಿದ್ದೆ. ಕತ್ತಿ ನೀರಿಗೆ ಬೀಳುವ ಸದ್ದನ್ನೂ ಬಾಯಲ್ಲೇ ಮಾಡುತ್ತಿದ್ದೆ. ಮಕ್ಕಳಿಗೆ ಖುಷಿ.

ಆ ಕಾಲದಲ್ಲಿ ಅದು ಎಂಥ ಹೆಜ್ಜೆ ಅನ್ನೋದು ನಮ್ಮ ಈಗಿನ ಮಕ್ಕಳಿಗೆ ಅಷ್ಟು ಸುಲಭಕ್ಕೆ ತಿಳಿಯಲ್ಲ. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷದ ನಂತರ ಮೋಗ್ಲಿಂಗ್ ಬಂದರು. ಅವರನ್ನು ಕನ್ನಡಿಗರೆಲ್ಲ ನೆನೆಯೋದು 1843ರ 'ಮಂಗಳೂರ ಸಮಾಚಾರ'ಕ್ಕೆ, ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಅವರನ್ನು ನೆನೆಯೋದು 1894ರ ನಿಘಂಟಿಗೆ. ಒಳ್ಳೆಯದೇ. ಆದರೆ ಈ ದೊರೆಗಳ ಮಾತು ಕೇಳಿ ಸಭೆಗೆ ಸೇರಿದವರ ಹೆಸರು ಯಾರಿಗೂ ನೆನಪಿಲ್ಲ. ದೊರೆಗಳಿಗೆ ಬೇಕಾದರೆ ವಾಪಸ್ ಹೋಗಲು ಒಂದು ಊರು ಇತ್ತು. ಇವರು ಬಿಟ್ಟು ಬಂದ ಮನೆ ಎರಡು ಗದ್ದೆ ಆಚೆಗೇ ಇತ್ತು, ಆದರೂ ಅಲ್ಲಿಗೆ ಕಾಲಿಡುವ ಹಾಗಿರಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಮಂಗಳೂರು ಪೇಟೆಯೇ ಕೆರಳಿತ್ತು. ಅವರು ದೊಡ್ಡ ಮನೆತನದವರು, ಓದಿದವರು. ಅಂಥವರಿಗೇ ಹೆಂಡತಿ ಜೊತೆಗೆ ಬಂದು ಬಾಳಲಿಲ್ಲ. ಇನ್ನು ಕಳ್ಳು ಇಳಿಸುವ ಹುಡುಗನ ಪಾಡು ಕೇಳಬೇಕಾ?

ಕಸುಬಿನ ವಿಷಯ ಇನ್ನೂ ಕಷ್ಟ. ಸಭೆಯ ಕಟ್ಟಳೆಯಲ್ಲಿ ಕಳ್ಳಿಗೆ ಜಾಗ ಇರಲಿಲ್ಲ. ಕುಡಿಯೋದೂ ಇಲ್ಲ, ಇಳಿಸೋದೂ ಇಲ್ಲ. ಹಾಗಾದರೆ ಹೊಟ್ಟೆಗೆ? ಅದಕ್ಕೇ ಅಲ್ವಾ ಮಿಷನ್ನಿನವರು ಮಗ್ಗ, ಹೆಂಚು, ಅಚ್ಚುಕೂಟ ಎಲ್ಲ ಶುರು ಮಾಡಿದ್ದು. 1851ರಲ್ಲಿ ಹಾಲರ್ ಅನ್ನುವ ನೇಕಾರ ಜರ್ಮನಿಯಿಂದ ಬಂದ ಮೇಲೆ ಮಂಗಳೂರಿನ ಮಗ್ಗಗಳಿಗೆ ಹೊಸ ವೇಗ ಬಂತು. ಖಾಕಿ ಬಣ್ಣ ಅಲ್ಲೇ ಹುಟ್ಟಿದ್ದು ಅಂತ ನಮ್ಮವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪಿಜ್ಜ ಆ ನೇಯ್ಗೆ ಕಾರ್ಖಾನೆಗೆ ಸೇರಿದರು. ಮರ ಹತ್ತಿ ಕಾಲಿನ ಒಳಭಾಗವೆಲ್ಲ ದಡ್ಡುಗಟ್ಟಿದ್ದ ಮನುಷ್ಯ ಕೂತು ನೂಲು ಕಟ್ಟಲು ಕಲಿತರು.

ಇಷ್ಟೆಲ್ಲ ನನಗೆ ಬಾಯಿಪಾಠ. ಕೀಮೋ ದಿನಗಳಲ್ಲಿ ಇದರಿಂದ ಧೈರ್ಯ ಬರಬೇಕಿತ್ತು. ಬರಲಿಲ್ಲ. ಕತ್ತಿ ಎಸೆದು ಹಿಂದಿರುಗಿ ನೋಡದ ಮನುಷ್ಯನ ಮುಂದೆ ಗಂಜಿಯ ಬಟ್ಟಲು ನೋಡಿ ಅಳುವ ನಾನು ತುಂಬಾ ಚಿಕ್ಕವಳಾಗಿ ಕಂಡೆ. ರಾತ್ರಿ ಹೆಂಚಿನ ಅಚ್ಚು ನೋಡುವಾಗ ಪಿಜ್ಜನ ಕಾಲದವರೆಲ್ಲ ಸಾಲಾಗಿ ಕೂತು ನನಗೆ ಮಾರ್ಕ್ಸ್ ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು.

ಮೂರನೇ ಕೀಮೋ ಆದ ಮೇಲೆ ಹಿಮೋಗ್ಲೋಬಿನ್ 7ಕ್ಕೆ ಇಳಿಯಿತು. ಎರಡು ಯೂನಿಟ್ ರಕ್ತ ಕೊಡಬೇಕು, ಬದಲಿಗೆ ಯಾರಾದರೂ ಬಂದು ರಕ್ತ ಕೊಡಲಿ ಅಂದರು. ಗಂಡ ಶುಗರ್ ಪೇಷೆಂಟ್, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಅವರದು ಬೇಡ ಅಂದರು. ಮಗಳು ತೂಕ ಕಮ್ಮಿ. ಚಿಕ್ಕಪ್ಪ ಯಾರಿಗೋ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಒಬ್ಬನ ಕೈಯಲ್ಲಿ ಕೆಂಪು ದಾರ, ಹಣೆಯಲ್ಲಿ ಗಂಧ. ನಾನು ಯಾವತ್ತೂ ನೋಡಿರದ ಮುಖ. ರಕ್ತ ಕೊಟ್ಟು, ಅಲ್ಲಿ ಕೊಟ್ಟ ಬಿಸ್ಕೆಟ್ ಪ್ಯಾಕೆಟ್ ಜೇಬಿಗೆ ಹಾಕಿಕೊಂಡು ಹೋದರು. ಯಾರು ಚಿಕ್ಕಪ್ಪ ಇವರು ಅಂದೆ.

ಪಿಜ್ಜನ ಅಕ್ಕನ ಕವಲಿನವರು ಅಂದರು.

ನಮ್ಮ ತುಳುನಾಡಿನ ಅಳಿಯಸಂತಾನ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ಮನೆ, ಆಸ್ತಿ ಹೋಗುತ್ತಿದ್ದದ್ದು ಹೆಣ್ಣಿನ ಕಡೆಯಿಂದ. ಗಂಡಸಿನ ವಾರಸುದಾರ ಅವನ ಮಗನಲ್ಲ, ಅಕ್ಕತಂಗಿಯರ ಮಗ. ಆದ್ದರಿಂದ ಪಿಜ್ಜ ಬಿಟ್ಟು ಬಂದ ಕುಟುಂಬದ ಮನೆಯಲ್ಲಿ ಈಗ ಇರೋದು ಅವರ ಅಕ್ಕನ ಸಂತತಿಯವರು. ದೈವದ ಚಾವಡಿ ಇದೆ, ವರ್ಷಕ್ಕೊಮ್ಮೆ ನೇಮ, ಅಂದರೆ ದೈವದ ಕೋಲ, ನಡೆಯುತ್ತೆ. ಅವರ ಜೊತೆ ಚಿಕ್ಕಪ್ಪನಿಗೆ ಬಳಕೆ ಇದೆ ಅನ್ನೋದೇ ನನಗೆ ಅವತ್ತು ಗೊತ್ತಾದದ್ದು.

ಒಂದು ವಾರ ಬಿಟ್ಟು ಚಿಕ್ಕಪ್ಪ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅವರು ಸಭೆಯ ಹಿರಿಯರು, ಹಳೇ ಕಾಗದ ಪತ್ರ ಅಂದರೆ ಪ್ರಾಣ. ಹಿಂದೆ ನಮ್ಮ ಸಭೆಯ ನೆನಪಿನ ಪುಸ್ತಕ ಮಾಡುವಾಗ ಹಳೇ ನಡವಳಿ ಪುಸ್ತಕಗಳನ್ನೆಲ್ಲ ಅವರೇ ಓದಿದ್ದು. ಆಗ ಒಂದು ಪುಟ ಜೆರಾಕ್ಸ್ ಮಾಡಿಟ್ಟುಕೊಂಡಿದ್ದರಂತೆ. ನೆನಪಿನ ಪುಸ್ತಕಕ್ಕೆ ಮಾತ್ರ ಕೊಡಲಿಲ್ಲ.

"ನಿನಗೆ ಈಗ ತೋರಿಸಬಹುದು ಅನ್ನಿಸ್ತು" ಅಂದರು.

ಮಸುಕು ಮಸುಕಾದ ಕೈಬರಹ. ಗುಂಡಗಿನ ಕನ್ನಡ ಅಕ್ಷರ, ಒತ್ತುಗಳೆಲ್ಲ ಕೆಳಗಿನ ಸಾಲಿಗೆ ತಾಗುವಷ್ಟು ಉದ್ದ. 1886ರ ಹಿರಿಯರ ಕೂಟದ ನಡವಳಿ. ಚಿಕ್ಕಪ್ಪ ಪೆನ್ಸಿಲಿನಿಂದ ಗುರುತು ಮಾಡಿದ ಕಡೆ ಪಿಜ್ಜನ ಹೆಸರು. ಎರಡೇ ಸಾಲು. ಅಕ್ಕನ ಮನೆಯ ಮದುವೆಗೆ ಹೋಗಿದ್ದು, ಅಲ್ಲಿ ಕಳ್ಳು ಕುಡಿದದ್ದು, ದೈವದ ಎದುರು ನಿಂತದ್ದು. ಕೇಳಿದಾಗ ಎಲ್ಲ ಒಪ್ಪಿಕೊಂಡರಂತೆ. ಆದ್ದರಿಂದ ಕರ್ತನ ಭೋಜನದಿಂದ, ಅಂದರೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರದಿಂದ, ಹೊರಗೆ.

ನಾಲ್ಕು ಸಲ ಓದಿದೆ. ಆಮೇಲೆ ನಗು ಬಂತು. ತಿಂಗಳುಗಟ್ಟಲೆ ಬಾರದ ನಗು. ಹೊಲಿಗೆ ಎಳೆದು ನೋವಾಯಿತು, ಆದರೂ ನಕ್ಕೆ.

ಯಾಕೆ ಹೋದರು ಅಂತ ಯೋಚಿಸಿ ನೋಡಿ. ಅಳಿಯಸಂತಾನದ ಮನೆ. ಅಕ್ಕನ ಮಗಳ ಮದುವೆ. ಸೋದರಮಾವ ಇಲ್ಲದೆ ಆ ಮದುವೆ ಹೇಗೆ ನಡೆಯುತ್ತೆ? ಅಕ್ಕ ಹೇಳಿ ಕಳಿಸಿರಬೇಕು. ಅಥವಾ ಹೇಳಿ ಕಳಿಸದೆ ಸುಮ್ಮನಿದ್ದಿರಬೇಕು, ಅದು ಇನ್ನೂ ಜಾಸ್ತಿ ಕಾಡುತ್ತೆ. ಇಪ್ಪತ್ನಾಲ್ಕು ವರ್ಷದ ಮನುಷ್ಯ. ನಾಲ್ಕು ವರ್ಷದಿಂದ ಮಗ್ಗದ ಮುಂದೆ ಕೂತಿದ್ದಾನೆ. ದೂರದಲ್ಲಿ ವಾದ್ಯದ ಸದ್ದು ಕೇಳಿಸುತ್ತೆ. ಹೋದ. ಕುಡಿದ. ವಾಪಸ್ ಬಂದು ಕೇಳಿದ್ದಕ್ಕೆ ಹೌದು ಅಂದ.

ಮತ್ತೆ ಯಾವಾಗ ಸೇರಿಸಿಕೊಂಡರು ಅಂತ ಕೇಳಿದೆ. ಆ ಪುಟ ಸಿಗಲಿಲ್ಲ ಅಂದರು ಚಿಕ್ಕಪ್ಪ, ಬೆಳ್ಳಿಮೀನು ಹುಳ ತಿಂದಿದೆ. ಸೇರಿಸಿಕೊಂಡದ್ದು ಮಾತ್ರ ನಿಜ. ಅವರ ಸಮಾಧಿ ನಮ್ಮ ಸಭೆಯ ಸ್ಮಶಾನದಲ್ಲೇ ಇದೆ, ನಡುವೆ ಹನ್ನೊಂದು ಮಕ್ಕಳಿಗೆ ದೀಕ್ಷಾಸ್ನಾನ ಆಗಿದೆ. ಆದರೆ ಎಷ್ಟು ಸಮಯ ಹೊರಗಿದ್ದರು? ಆರು ತಿಂಗಳಾ, ಎರಡು ವರ್ಷವಾ? ಭಾನುವಾರ ಎಲ್ಲರೂ ಎದ್ದು ಬಲಿಪೀಠದ ಹತ್ತಿರ ಹೋಗುವಾಗ ಇವರು ಹಿಂದಿನ ಬೆಂಚಿನಲ್ಲಿ ಕೂತೇ ಇರಬೇಕಿತ್ತು. ಹಾಗೆ ಎಷ್ಟು ಭಾನುವಾರ ಕೂತರು?

ನನಗೆ ಹಿಡಿದದ್ದು ಅದು. ಕತ್ತಿ ಎಸೆದ ಪಿಜ್ಜ ಅಲ್ಲ, ಹಿಂದಿನ ಬೆಂಚಿನ ಪಿಜ್ಜ. ನನಗೂ ಆಗ ಅಂಥದೇ ಒಂದು ಬೆಂಚು ಬೇಕಿತ್ತು. ಪ್ರಾರ್ಥನೆ ಬರದಿದ್ದರೂ ಕೂತಿರಲು ಒಂದು ಜಾಗ.

ಆ ಭಾನುವಾರ ಬಿಳಿರಕ್ತಕಣ ಕಮ್ಮಿ ಇದ್ದದ್ದರಿಂದ ಜನರ ನಡುವೆ ಹೋಗುವ ಹಾಗಿರಲಿಲ್ಲ. ಕಿಟಕಿ ಹತ್ತಿರ ಕುರ್ಚಿ ಹಾಕಿಸಿಕೊಂಡೆ. ನಮ್ಮ ಮನೆಗೆ ದೇವಾಲಯದ ಗಂಟೆ ಕೇಳಿಸುತ್ತೆ, ಗಾಳಿ ಸರಿಯಿದ್ದರೆ ಹಾಡೂ ಕೇಳಿಸುತ್ತೆ. ನಮ್ಮ ಹಳೇ ಸಂಗೀತಗಳು ವಿಚಿತ್ರ. ರಾಗ ಜರ್ಮನ್, ಮಾತು ಕನ್ನಡ. ಮೋಗ್ಲಿಂಗ್, ವೈಗ್ಲೆ, ಕಿಟ್ಟೆಲ್ ಇಂಥವರೆಲ್ಲ ಕೂತು ಬರೆದದ್ದು. ಕೆಲವು ಕಡೆ ಮಾತು ರಾಗಕ್ಕೆ ಸಾಲದೆ ಎಳೆಯಬೇಕು, ಕೆಲವು ಕಡೆ ತುರುಕಬೇಕು. ಮಗಳು ಅದನ್ನು ನೋಡಿ ನಗುತ್ತಾಳೆ. ನಾನು ಹಾಡಲಿಲ್ಲ. ಕೂತು ಕೇಳಿದೆ. ಮುಂದಿನ ವಾರವೂ ಅಷ್ಟೇ. ಅದರ ಮುಂದಿನ ವಾರವೂ. ಸ್ತ್ರೀಯರ ಕೂಟದವರು ಮತ್ತೆ ಬಂದು ಪ್ರಾರ್ಥನೆ ಹೇಗೆ ನಡೀತಿದೆ ಅಂದಾಗ, ನಾನು ಸದ್ಯ ಹಿಂದಿನ ಬೆಂಚಿನಲ್ಲಿದ್ದೀನಿ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮೂಸಂಬಿ ಇಟ್ಟು ಹೋದರು.

ವಾರದ ಕೀಮೋ ಶುರುವಾದ ಮೇಲೆ ವಾಂತಿ ಕಮ್ಮಿಯಾಯಿತು. ಹೊಸ ತೊಂದರೆ ಬೆರಳಿನದ್ದು. ಆರನೇ ವಾರದ ಹೊತ್ತಿಗೆ ಬೆರಳ ತುದಿಗಳು ಜೋಮು ಹಿಡಿದವು. ಬ್ಲೌಸಿನ ಹುಕ್ಕು ಹಾಕಲಾಗುತ್ತಿರಲಿಲ್ಲ. ಚಿಲ್ಲರೆ ಎಣಿಸಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೂಜಿಗೆ ನೂಲು ಪೋಣಿಸಲು ಕೂತೆ. ದಿಂಬಿನ ಕವರಿನ ಅಂಚು ಬಿಟ್ಟಿತ್ತು, ಬೇರೆ ದೊಡ್ಡ ಕೆಲಸವೇನಲ್ಲ. ನೂಲು ಬೆರಳ ನಡುವೆ ಇದೆಯಾ ಬಿದ್ದಿದೆಯಾ ಅಂತಲೇ ಗೊತ್ತಾಗಲ್ಲ. ಕಣ್ಣಿನಿಂದ ನೋಡಿದರೆ ಮಾತ್ರ ಗೊತ್ತು. ಇಪ್ಪತ್ತು ನಿಮಿಷ ಆಗಿರಬೇಕು.

ಆಗ ಅಜ್ಜಿ ನೆನಪಾದರು. ಪಿಜ್ಜನ ಸೊಸೆ ಅವರು, 1991ರಲ್ಲಿ ತೀರಿಕೊಂಡರು. ಮಾವನಿಗೆ ವಯಸ್ಸಾಗಿ ಕಣ್ಣು ಮಂಜಾದ ಮೇಲೂ ತುಂಡಾದ ನೂಲನ್ನು ಬೆರಳಲ್ಲೇ ಹುಡುಕಿ ಗಂಟು ಹಾಕುತ್ತಿದ್ದರು ಅಂತ ಹೇಳುತ್ತಿದ್ದರು. ನನಗೆ ಕಣ್ಣಿದೆ, ಬೆರಳಿಲ್ಲ. ಅವರಿಗೆ ಬೆರಳಿತ್ತು, ಕಣ್ಣಿರಲಿಲ್ಲ. ಇಬ್ಬರೂ ಸೇರಿದರೆ ಒಂದು ದಿಂಬಿನ ಕವರು ಹೊಲಿಯಬಹುದಿತ್ತು ಅಂತ ಗಂಡನಿಗೆ ಹೇಳಿದೆ.

ಅಜ್ಜಿ ಇನ್ನೊಂದು ಹೇಳುತ್ತಿದ್ದರು. 1914ರಲ್ಲಿ ಯುದ್ಧ ಬಂದಾಗ ಜರ್ಮನ್ ದೊರೆಗಳನ್ನು ಬ್ರಿಟಿಷರು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿದರು. ಮುಂದೆ ಕಾರ್ಖಾನೆಗಳೂ ಮಿಷನ್ನಿನ ಕೈ ತಪ್ಪಿದವು. ಯಾರ ಮಾತು ನಂಬಿ ಕುಲ, ಕಸುಬು ಬಿಟ್ಟು ಬಂದಿದ್ದರೋ ಅವರೇ ಇಲ್ಲ. ಊರಿನವರಿಗೆ ಆಡಿಕೊಳ್ಳಲು ಒಳ್ಳೆಯ ವಿಷಯ. ಪಿಜ್ಜನಿಗೆ ಆಗ ಐವತ್ತು ದಾಟಿತ್ತು. ಅವರು ಏನು ಮಾಡಿದರು ಅಂತ ಚಿಕ್ಕವಳಿದ್ದಾಗ ಕೇಳಿದ್ದೆ, ಏನೋ ಒಂದು ದೊಡ್ಡ ಸಾಹಸ ಇರುತ್ತೆ ಅಂತ. ಅಜ್ಜಿ ಎಲೆ ಅಡಿಕೆ ಅಗಿಯುತ್ತಾ, "ಎಂಥ ಮಾಡೋದು, ಬೆಳಿಗ್ಗೆ ಕೆಲಸಕ್ಕೆ ಹೋದರು" ಅಂದಿದ್ದರು. ಅವತ್ತು ನನಗೆ ಸಪ್ಪೆ ಅನ್ನಿಸಿತ್ತು. ಹನ್ನೊಂದನೇ ವಾರದ ಕೀಮೋಗೆ ಬೆಳಿಗ್ಗೆ ಆರೂವರೆಗೆ ಚಪ್ಪಲಿ ಮೆಟ್ಟುವಾಗ ಅದೇ ಮಾತು ಬಾಯಿಗೆ ಬಂತು. ಎಂಥ ಮಾಡೋದು.

ಪ್ರಾರ್ಥನೆ ಯಾವಾಗ ವಾಪಸ್ ಬಂತು ಅಂತ ನನಗೆ ತಾರೀಕು ಗೊತ್ತಿಲ್ಲ. ಪಿಜ್ಜನ ಪುಟದ ಹಾಗೆ ಅದೂ ಹುಳ ತಿಂದು ಹೋಗಿದೆ. ಒಂದು ದಿನ ಕಿಟಕಿ ಹತ್ತಿರ ಕೂತಿದ್ದಾಗ ಮಗಳು ಒಳಗಿನಿಂದ, "ಅಮ್ಮ, ಆಲ್ಟೋ ಹಾಡ್ತಿದ್ದೀಯಾ?" ಅಂದಳು. ಆಲ್ಟೋ ಅಂದರೆ ನಮ್ಮ ಹಾಡುಗಳಲ್ಲಿ ಹೆಂಗಸರ ಕೆಳಗಿನ ಸ್ವರ. ಹಾಡುತ್ತಿದ್ದೆನಂತೆ.

ಕೀಮೋ ಮುಗಿದು, ರೇಡಿಯೇಷನ್ ಮುಗಿದು, ಮಳೆಗಾಲ ಬಂತು. ಆಟಿ ತಿಂಗಳಲ್ಲಿ ಚಿಕ್ಕಪ್ಪನ ಜೊತೆ ಆ ಮನೆಗೆ ಹೋದೆ, ರಕ್ತ ಕೊಟ್ಟ ಹುಡುಗರಿಗೆ ಒಂದು ಥ್ಯಾಂಕ್ಸ್ ಹೇಳೋಕೆ. ಕೇಳಿದರೆ ನಂಬಲ್ಲ, ನಮ್ಮ ಮನೆಯಿಂದ ಎಂಟು ಕಿಲೋಮೀಟರು. ನೂರಾ ಮೂವತ್ತು ಚಿಲ್ಲರೆ ವರ್ಷದಲ್ಲಿ ನಮ್ಮ ಕವಲಿನ ಹೆಂಗಸರು ಯಾರೂ ಆ ಅಂಗಳ ತುಳಿದಿರಲಿಲ್ಲ. ಮನೆಯ ಹಿರಿಯಮ್ಮನಿಗೆ ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ. ನನ್ನ ತಲೆಯ ಮೇಲೆ ಆಗಷ್ಟೇ ಮೊಳೆಯುತ್ತಿದ್ದ ಕೂದಲನ್ನು ಕೈಯಾಡಿಸಿ ನೋಡಿದರು, ಮಗುವಿನ ತಲೆ ನೋಡುವ ಹಾಗೆ. ಪತ್ರೊಡೆ ಕೊಟ್ಟರು.

ಮಾತಿನ ನಡುವೆ ನಾನು ಬಾವಿಯ ಕಥೆ ಹೇಳಿದೆ, ಪಿಜ್ಜ ಕತ್ತಿ ಎಸೆದದ್ದು. ಹಿರಿಯಮ್ಮ ಕೈ ಅಡ್ಡ ಮಾಡಿ ಇನ್ನೊಮ್ಮೆ ಹೇಳು ಅಂದರು. ಹೇಳಿದೆ. ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಹಳೇ ಅಡಿಕೆ ಹಾಳೆಯಲ್ಲಿ ಸುತ್ತಿದ ಒಂದು ಗಂಟು.

ಒಳಗೆ ಮೂರ್ತೆ ಕತ್ತಿ. ಅಗಲ ಅಲಗು, ಮರದ ಹಿಡಿ. ಹಿಡಿಯ ಒಂದು ಕಡೆ ಹೆಬ್ಬೆರಳು ಕೂರುವಷ್ಟು ಸವೆದಿತ್ತು. ಬಾವಿಗೆ ಹಾಕಿದ್ದಲ್ಲ, ಅಕ್ಕನ ಮಗನ ಕೈಗೆ ಕೊಟ್ಟು ಹೋದದ್ದು ಅಂದರು. ಕಸುಬು ಅಳಿಯನಿಗೆ ಹೋಗಬೇಕಲ್ವಾ, ಯಾವ ಸೋದರಮಾವ ಅದನ್ನು ಬಾವಿಗೆ ಹಾಕ್ತಾನೆ, ತಲೆ ಕೆಟ್ಟಿದೆಯಾ ಅಂತ ನನ್ನನ್ನೇ ಕೇಳಿದರು. ಇಪ್ಪತ್ತೆರಡು ವರ್ಷ ನಾನು ಬಾಯಲ್ಲಿ ಮಾಡಿದ ನೀರಿನ ಸದ್ದು ನೆನಪಾಗಿ ಚಿಕ್ಕಪ್ಪನ ಕಡೆ ನೋಡಿದೆ. ಅವರು ಪತ್ರೊಡೆ ತಿನ್ನುವುದರಲ್ಲಿ ಮುಳುಗಿದ್ದರು. ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತೆ.

ಅಲಗಿನ ಮೇಲೆ ಬೆರಳಾಡಿಸಿದೆ. ಏನೂ ಗೊತ್ತಾಗಲಿಲ್ಲ, ತಣ್ಣಗಿದೆಯಾ ಬೆಚ್ಚಗಿದೆಯಾ ಅಂತಲೂ. ಹಿರಿಯಮ್ಮ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದರು. ನೋಡಿದರೆ ತೋರುಬೆರಳಲ್ಲಿ ಸಣ್ಣ ಗೆರೆ, ಒಂದು ಹನಿ ರಕ್ತ. ಇನ್ನೂ ಹರಿತ ಇತ್ತು.

ಅರಿಶಿನ ಹಚ್ಚಿ ಬಟ್ಟೆ ಸುತ್ತಿದರು. ಅಷ್ಟರಲ್ಲಿ ಅವರ ಮಗ ಒಳಗೆ ಬಂದರು. ಈಗಲೂ ಮೂರ್ತೆ ಮಾಡುವವರು ಆ ಮನೆಯಲ್ಲಿ ಅವರೊಬ್ಬರೇ. ಕೈಯಲ್ಲಿ ಸ್ಟೀಲ್ ತಂಬಿಗೆ. ನೊರೆ ಇನ್ನೂ ಇಳಿದಿರಲಿಲ್ಲ. ಬೆಳಿಗ್ಗೆಯದ್ದು, ಸಿಹಿ ಇದೆ, ಒಂದೊಂದು ಲೋಟ ತಗೊಳ್ಳಿ ಅಂತ ಇಬ್ಬರ ಮುಂದೆಯೂ ಲೋಟ ಇಟ್ಟರು.

ಚಿಕ್ಕಪ್ಪ, ಸಭೆಯ ಹಿರಿಯರು, ನನ್ನ ಮುಖ ನೋಡಿದರು. ನಾನು ತಲೆಯೆತ್ತಿ ಮಾಡಿನ ಹೆಂಚು ನೋಡಿದೆ.